ಬೋರ್ ನೀರಿನ ಊರಲ್ಲಿ ಕೂದಲಿಗೆ ಬಣ್ಣ: ಎಲ್ಲಿ ಕೆಡುತ್ತದೆ, ಹೇಗೆ ಸರಿಮಾಡಬೇಕು

ಕೋಲಾರ, ಮಾಲೂರು, ಬಂಗಾರಪೇಟೆ ಕಡೆ ಪಾರ್ಲರ್‌ಗೆ ಬರುವವರ ಮಾಮೂಲಿ ದೂರು: “ಡೈ ಹಾಕಿ ಹದಿನೈದು ದಿನ ಆಗಿಲ್ಲ, ಆಗಲೇ ಕೆಂಚಗಾಗಿದೆ.” ಮುಂದಿನ ಸಲ ಬೇರೆ ಕಂಪನಿಯ ಡಬ್ಬ ತರುತ್ತಾರೆ, ಅದರ ಕಥೆಯೂ ಅಷ್ಟೇ. ಕಂಪನಿ ಬದಲಾಯಿಸುವ ಮೊದಲು ಬಚ್ಚಲಿನ ಬಕೆಟ್ಟನ್ನೊಮ್ಮೆ ನೋಡಿ. ಒಳಗೆ ನೀರಿನ ಮಟ್ಟಕ್ಕೆ ಬಿಳಿ ಗೆರೆ ಕಟ್ಟಿದ್ದರೆ, ಗೀಸರ್ ಕಾಯಿಲ್ ಮೇಲೆ ಸುಣ್ಣದಂಥ ಪದರ ಕೂತಿದ್ದರೆ, ಅದೇ ಪದರ ಕೂದಲ ಮೇಲೂ ಕೂತಿದೆ ಎಂದರ್ಥ.

ನೀರು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬಹುತೇಕ ಮನೆಗಳಿಗೆ ಬೋರ್ ನೀರೇ ಗತಿ, ಇಲ್ಲವೇ ಇನ್ಯಾವುದೋ ಬೋರಿನಿಂದ ತುಂಬಿಸಿ ತಂದ ಟ್ಯಾಂಕರ್ ನೀರು. ಆಳದ ಬಂಡೆಯ ಸಂದಿಯಿಂದ ಬರುವ ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ; ಗಡಸು ನೀರು ಎನ್ನುವುದು ಇದನ್ನೇ. ಕೆಲವು ಕಡೆ ಕಬ್ಬಿಣವೂ ಇರುತ್ತದೆ. ಫ್ಲೋರೈಡ್‌ನಿಂದ ಕೂದಲ ಬಣ್ಣ ಹೋಗುತ್ತದೆ ಎಂದು ನಂಬಿದವರಿದ್ದಾರೆ; ಫ್ಲೋರೈಡ್ ಕಾಟ ಕೊಡುವುದು ಹಲ್ಲಿಗೆ, ಮೂಳೆಗೆ. ಬಣ್ಣ ಕೆಡಿಸುವುದು ಗಡಸುತನ ಮತ್ತು ಕಬ್ಬಿಣ. ಗಡಸು ನೀರಿನ ಪದರ ಇದ್ದ ಕೂದಲಿಗೆ ಬಣ್ಣ ಒಂದೇ ಸಮ ಇಳಿಯುವುದಿಲ್ಲ. ಕಬ್ಬಿಣವಿದ್ದರೆ, ಡೈ ಕ್ರೀಮಿಗೆ ಬೆರೆಸುವ ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಹದತಪ್ಪಿ ಬೇಗ ಒಡೆಯುತ್ತದೆ. ಬಣ್ಣ ಪಟ್ಟೆಪಟ್ಟೆ, ಕೂದಲು ಒರಟು.

ನಿಮ್ಮ ನೀರು ಎಂಥದ್ದು ಎಂದು ನೋಡಲು ಎರಡು ಖಾಲಿ ಬಾಟಲಿ ಸಾಕು. ಒಂದಕ್ಕೆ ಅರ್ಧ ನಲ್ಲಿ ನೀರು, ಇನ್ನೊಂದಕ್ಕೆ ಅರ್ಧ ಆರ್‌ಒ ಕ್ಯಾನ್ ನೀರು. ಎರಡಕ್ಕೂ ಮೈಸೋಪಿನ ನಾಲ್ಕೈದು ತುರಿ ಹಾಕಿ ಚೆನ್ನಾಗಿ ಕುಲುಕಿ. ಕ್ಯಾನ್ ನೀರು ನೊರೆ ಕಟ್ಟಿ, ನಲ್ಲಿ ನೀರು ಮೊಸರು ಒಡೆದ ಹಾಗೆ ಕಂಡರೆ ಗಡಸು ನೀರೇ. ಬಕೆಟ್ಟಿನಲ್ಲಿ ರಾತ್ರಿಯಿಡೀ ಇಟ್ಟ ನೀರು ಬೆಳಗ್ಗೆ ಹಳದಿಯಾಗಿ ತಳದಲ್ಲಿ ಕಂದು ಗಸಿ ಕೂತರೆ ಕಬ್ಬಿಣವೂ ಇದೆ.

ಬಣ್ಣ ಹಾಕುವ ಹಿಂದಿನ ದಿನ ಇಷ್ಟು ಮಾಡಿ. ಕ್ಲಾರಿಫೈಯಿಂಗ್ ಅಥವಾ ಕೀಲೇಟಿಂಗ್ ಎಂದು ಬರೆದಿರುವ ಶಾಂಪೂ ತಂದು ಒಮ್ಮೆ ತೊಳೆದು, ಎರಡನೇ ಸಲ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಿರಿ. ಅದು ಸಿಗದಿದ್ದರೆ ಮಾಮೂಲಿ ಶಾಂಪೂ ಆದ ಮೇಲೆ 1 ಲೀಟರ್ ಕ್ಯಾನ್ ನೀರಿಗೆ 2 ಟೇಬಲ್ ಚಮಚ ಬಿಳಿ ವಿನೆಗರ್ ಬೆರೆಸಿ ತಲೆಗೆ ಸುರಿದು, ಎರಡು ನಿಮಿಷ ಬಿಟ್ಟು ಮತ್ತೆ ಕ್ಯಾನ್ ನೀರಿನಲ್ಲೇ ತೊಳೆಯಿರಿ. ನೆತ್ತಿಯಲ್ಲಿ ಗಾಯ, ಕೆರೆತ ಇದ್ದರೆ ವಿನೆಗರ್ ಬೇಡ. ನೀರನ್ನು ಕುದಿಸಿ, ಆರಿಸಿ, ಮೇಲಿನ ತಿಳಿ ಬಸಿದುಕೊಂಡರೂ ಗಡಸುತನ ಒಂದಷ್ಟು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಬಣ್ಣ ತೊಳೆಯುವ ದಿನವೂ ಕೊನೆಯ ಎರಡು ಲೀಟರ್ ಕ್ಯಾನ್ ನೀರೇ ಇರಲಿ. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ ಒಂದು ಕ್ಯಾನ್ ಹತ್ತು ಸಲಕ್ಕೆ ಬರುತ್ತದೆ. ದುಬಾರಿ ಕಂಡಿಷನರ್‌ಗಿಂತ ಇದರಿಂದ ಆಗುವ ಉಪಯೋಗ ದೊಡ್ಡದು. ಪುಡಿ ಡೈ ಕಲಸುವವರು ಕಲಸುವುದಕ್ಕೂ ಇದೇ ನೀರು ಬಳಸಿ. ಇನ್ನೊಂದು: ತಲೆಗೆ ಮೈಸೋಪು ಹಾಕುವ ಗಂಡಸರು ಅದನ್ನು ಬಿಡಲೇಬೇಕು. ಗಡಸು ನೀರಿನಲ್ಲಿ ಸೋಪು ಜಿಡ್ಡಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ, ಅದರ ಕ್ಷಾರಕ್ಕೆ ಬಣ್ಣವೂ ಬೇಗ ಬಿಡುತ್ತದೆ. ಸೀಗೆಕಾಯಿಗೆ ಆ ಜಿಡ್ಡಿನ ತೊಂದರೆ ಇಲ್ಲ, ಆದರೆ ಒರಟು ಪುಡಿಯನ್ನು ತಿಕ್ಕಿ ತಿಕ್ಕಿ ಹಚ್ಚಬೇಡಿ. ಸೋಸಿದ ರಸ ಸಾಕು.

ಕಿವಿ ಮುಂದಿನ ನರೆ

ನೆತ್ತಿಯೆಲ್ಲ ಕಪ್ಪಾಗಿ, ಕಿವಿ ಮುಂದಿನ ಕೂದಲು ಮತ್ತು ಬೈತಲೆಯ ಬುಡ ಮಾತ್ರ ಬಿಳಿ ಉಳಿಯುವುದು ಸಾಮಾನ್ಯ. ಅಲ್ಲಿನ ನರೆಗೂದಲು ಒರಟು, ಮೇಲ್ಪದರ ಬಿಗಿ, ಬಣ್ಣ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಾಲದ್ದಕ್ಕೆ ಹೆಚ್ಚಿನವರು ಹಿಂದಲೆಯಿಂದ ಶುರುಮಾಡಿ ಮುಂದಕ್ಕೆ ಬರುತ್ತಾರೆ. ಹಟಮಾರಿ ಕೂದಲಿಗೇ ಕಡಿಮೆ ಹೊತ್ತು ಸಿಗುತ್ತದೆ. ಕಿವಿ ಮುಂದೆ, ಮುಂದಲೆ, ಬೈತಲೆ ಮೊದಲು, ಹಿಂದಲೆ ಕೊನೆಗೆ.

ಡೆವಲಪರ್ 20 ವಾಲ್ಯೂಮ್ ಇರಲಿ, ಅಂದರೆ 6% ಪೆರಾಕ್ಸೈಡ್. 10 ವಾಲ್ಯೂಮ್ (3%) ನರೆ ಮುಚ್ಚುವುದಿಲ್ಲ. 40 ವಾಲ್ಯೂಮ್ (12%) ಹಾಕಿದರೆ ಗಟ್ಟಿಯಾಗಿ ಹಿಡಿಯುತ್ತದೆ ಎಂಬುದು ತಪ್ಪು ಲೆಕ್ಕ: ಅದು ಇರುವ ಬಣ್ಣವನ್ನು ತೆಗೆಯುವ ಕೆಲಸ ಹೆಚ್ಚು ಮಾಡುತ್ತದೆ, ನೆತ್ತಿಯನ್ನೂ ಸುಡುತ್ತದೆ. ಬರೀ ಬುಡಕ್ಕೆ 30 ಗ್ರಾಂ ಕ್ರೀಮ್, 30ರಿಂದ 45 ಮಿಲಿ ಡೆವಲಪರ್. ಭುಜದವರೆಗಿನ ಕೂದಲಿಗೆ ಪೂರ್ತಿ ಹಾಕುವುದಾದರೆ 60 ಗ್ರಾಂ ಟ್ಯೂಬ್ ಒಂದು, ಸೊಂಟದ ಜಡೆಗೆ ಎರಡರಿಂದ ಮೂರು. ಎಷ್ಟಕ್ಕೆ ಎಷ್ಟು ಎಂಬುದು ಕಂಪನಿಗೊಂದು ಥರ ಇರುವುದರಿಂದ ಡಬ್ಬದ ಚೀಟಿಯೇ ಅಂತಿಮ. ಪ್ಲಾಸ್ಟಿಕ್ ಅಥವಾ ಗಾಜಿನ ಬಟ್ಟಲಲ್ಲೇ ಕಲಸಬೇಕು, ಅಡುಗೆಮನೆಯ ಪಾತ್ರೆಯಲ್ಲಿ ಬೇಡ.

ಅರ್ಧ ಸೆಂಟಿಮೀಟರ್ ಅಗಲದ ಬೈತಲೆ ತೆಗೆಯುತ್ತಾ ಬುಡಕ್ಕೆ ದಪ್ಪಗೆ ಹಚ್ಚಿ. ತೆಳ್ಳಗೆ ಸವರಿದರೆ ಒಣಗಿಬಿಡುತ್ತದೆ, ಒಣಗಿದ ಬಣ್ಣ ಕೆಲಸ ನಿಲ್ಲಿಸುತ್ತದೆ. ನರೆ ಇದ್ದವರಿಗೆ 35ರಿಂದ 45 ನಿಮಿಷ. ಸಮಯ ಎಣಿಸಬೇಕಾದ್ದು ಹಚ್ಚಿ ಮುಗಿಸಿದ ಮೇಲೆ, ಶುರುಮಾಡಿದಾಗಿಂದ ಅಲ್ಲ. ಇಷ್ಟಾಗಿಯೂ ಹಿಡಿಯದ ಜಾಗಕ್ಕೆ ಮುಂದಿನ ಸಲ ಬರೀ 20 ವಾಲ್ಯೂಮ್ ಡೆವಲಪರನ್ನು ಹತ್ತಿಯಲ್ಲಿ ಒತ್ತಿ, ಹತ್ತು ನಿಮಿಷ ಬಿಟ್ಟು, ಒರೆಸಿ, ಆಮೇಲೆ ಬಣ್ಣ ಹಚ್ಚಿ.

ತಿಂಗಳು ತಿಂಗಳೂ ತುದಿಯವರೆಗೆ ಎಳೆಯುವ ಅಭ್ಯಾಸ ಬಿಡಿ. ಹಳೆಯ ಕೂದಲು ಬಣ್ಣವನ್ನು ಹೀರುತ್ತಲೇ ಇರುತ್ತದೆ. ಬುಡ ಕಂದು, ತುದಿ ಮಸಿಗಪ್ಪು ಎಂಬ ಪಟ್ಟೆ ಬರುವುದು ಹೀಗೆ. ತುದಿ ಮಂಕಾಗಿದ್ದರೆ ಕೊನೆಯ ಐದು ನಿಮಿಷ ಮಾತ್ರ ಎಳೆಯಿರಿ. ಈಗಾಗಲೇ ಮಸಿಯಾಗಿದ್ದರೆ ತಲೆಹೊಟ್ಟಿನ ಶಾಂಪೂವಿನಲ್ಲಿ ಮೂರ್ನಾಲ್ಕು ಸಲ ತೊಳೆದಾಗ ಸ್ವಲ್ಪ ತಿಳಿಯಾಗುತ್ತದೆ. ಹಣೆಯ ಅಂಚಿಗೆ ಮೊದಲೇ ವ್ಯಾಸಲೀನ್ ಹಚ್ಚಿ, ಆದರೆ ಕೂದಲಿಗೆ ತಾಗಿಸಬೇಡಿ. ತಾಗಿದ ಕಡೆ ನರೆ ನರೆಯಾಗಿಯೇ ಉಳಿಯುತ್ತದೆ.

ಕಂದು, ಬರ್ಗಂಡಿ, ಬ್ಲೀಚ್

ಡಬ್ಬದ ಮೇಲಿನ ಮೊದಲ ಅಂಕಿ ಗಾಢತೆ: 1 ಕಪ್ಪು, ಅಂಕಿ ಏರಿದಷ್ಟೂ ತಿಳಿ. ನಮ್ಮವರ ಕೂದಲು ಸಾಮಾನ್ಯವಾಗಿ 1ರಿಂದ 3ರೊಳಗೆ. ಚುಕ್ಕಿಯ ನಂತರದ ಅಂಕಿಯ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಒಂದರ ಚಾರ್ಟ್ ನೋಡಿ ಇನ್ನೊಂದನ್ನು ಕೊಳ್ಳಬೇಡಿ.

ಕಪ್ಪು ಡೈ ಹಾಕಿದ ಕೂದಲ ಮೇಲೆ ಕಂದು ಡೈ ಹಾಕಿದರೆ ಕಂದಾಗುವುದಿಲ್ಲ. ಡೈ ಮೇಲೆ ಡೈ ತಿಳಿಯಾಗಿಸದು. ಹೊಸದಾಗಿ ಬೆಳೆದ ಬುಡ ಮಾತ್ರ ಹೊಳೆದು ಎರಡು ಬಣ್ಣದ ತಲೆಯಾಗುತ್ತದೆ. ನರೆ ಮೇಲೆ ಬರೀ ಬರ್ಗಂಡಿ ಹಾಕಿದರೆ ಅದು ಗುಲಾಬಿಗೆ ತಿರುಗುತ್ತದೆ. ಕಾಲು ಭಾಗ ನರೆತಿದ್ದರೆ ಮೂರು ಪಾಲು ಬರ್ಗಂಡಿಗೆ ಒಂದು ಪಾಲು ಅದೇ ಕಂಪನಿಯ, ಅದೇ ಗಾಢತೆಯ ನ್ಯಾಚುರಲ್ ಶೇಡ್. ಅರ್ಧಕ್ಕಿಂತ ಹೆಚ್ಚು ನರೆತಿದ್ದರೆ ಅರ್ಧಕ್ಕರ್ಧ.

ಕಪ್ಪು ಕೂದಲನ್ನು ತಿಳಿಗೊಳಿಸುತ್ತಾ ಹೋದರೆ ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ ಬರುವುದು ಕೂದಲ ಗುಣ. ಬುಡಕ್ಕೆ ನೆತ್ತಿಯ ಶಾಖ ತಾಗುವುದರಿಂದ ಅಲ್ಲಿ ಬೇಗ ಕಿತ್ತಳೆಯಾಗುತ್ತದೆ. ಹಾಗಾಗಿ ತಿಳಿ ಬಣ್ಣಕ್ಕೆ ಬುಡದ ಒಂದೂವರೆ ಸೆಂಟಿಮೀಟರ್ ಬಿಟ್ಟು ಮೊದಲು ಉದ್ದಕ್ಕೆ ಹಚ್ಚಿ, ಬುಡಕ್ಕೆ ಕೊನೆಗೆ ಬನ್ನಿ. ಕಿತ್ತಳೆ ಆಗಿಹೋಗಿದ್ದರೆ ಒಂದು ಮೆಟ್ಟಿಲು ಗಾಢವಾದ, ನೀಲಿ ಛಾಯೆಯ ಆ್ಯಶ್ (ಬೂದು) ಶೇಡನ್ನು 10 ವಾಲ್ಯೂಮ್‌ನಲ್ಲಿ ಕಲಸಿ ಬುಡಕ್ಕೆ ಮಾತ್ರ ಹತ್ತು-ಹದಿನೈದು ನಿಮಿಷ. ಪೂರ್ತಿ ತಲೆಯ ಬ್ಲೀಚನ್ನು ಮನೆಯಲ್ಲಿ ಮಾಡಬೇಡಿ. ಇಂಥ ರಿಪೇರಿ ಕೆಲಸಕ್ಕೆ ಆಷಾಢ ಒಳ್ಳೆಯದು; ಮದುವೆ ಇಲ್ಲದೆ ಪಾರ್ಲರಿನವರಿಗೆ ಪುರುಸೊತ್ತು ಇರುತ್ತದೆ.

ಮೆಹಂದಿ ಹಚ್ಚುವವರಿಗೆ

ಗೋರಂಟಿ ಸೊಪ್ಪಿನ ಶುದ್ಧ ಪುಡಿ ಕೊಡುವುದು ಕೆಂಪು-ಕಿತ್ತಳೆ ಮಾತ್ರ. ಒಂದೇ ತಾಸಿನಲ್ಲಿ ಕಪ್ಪು ಮಾಡುವ “ಕಪ್ಪು ಮೆಹಂದಿ” ಪ್ಯಾಕೆಟ್ಟಿನ ಹಿಂದೆ ಪ್ಯಾರಾಫಿನೈಲಿನ್‌ಡೈಅಮೈನ್ ಅಥವಾ ಪಿಪಿಡಿ ಎಂದಿದೆಯೇ ನೋಡಿ. ಇದ್ದರೆ ಅದು ಡೈಯೇ, ಹೆಸರಷ್ಟೇ ಮೆಹಂದಿ.

ನಿಜವಾಗಿ ಕಪ್ಪು ಬೇಕಾದರೆ ಮೆಹಂದಿ ಆದ ಮೇಲೆ ಇಂಡಿಗೋ (ನೀಲಿ ಗಿಡದ ಎಲೆಯ ಪುಡಿ), ಎರಡು ಸರದಿ. ಭುಜದುದ್ದಕ್ಕೆ 100 ಗ್ರಾಂ ಮೆಹಂದಿಯನ್ನು ಬೆಚ್ಚಗಿನ ಕ್ಯಾನ್ ನೀರಿನಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಆರೆಂಟು ತಾಸು ನೆನೆಸಿ, ಎರಡು-ಮೂರು ತಾಸು ತಲೆಯಲ್ಲಿಟ್ಟು ಬರೀ ನೀರಿನಲ್ಲಿ ತೊಳೆಯಿರಿ. ಇಂಡಿಗೋ ಪುಡಿಯನ್ನು ರಾತ್ರಿ ನೆನೆಸಿದರೆ ಸತ್ತುಹೋಗುತ್ತದೆ. ಬೆಚ್ಚಗಿನ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕಲಸಿ, ಹತ್ತು-ಹದಿನೈದು ನಿಮಿಷಕ್ಕೆ ಹಚ್ಚಿಬಿಡಬೇಕು. ನಿಂಬೆರಸ ಹಾಕಲೇಬಾರದು. ತೊಳೆದಾಗ ಹಸಿರು ಕಂಡರೆ ಗಾಬರಿ ಬೇಡ, ಗಾಳಿ ತಾಗಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಅಲ್ಲಿಯವರೆಗೆ ಶಾಂಪೂ ಮುಟ್ಟಬೇಡಿ.

ಕಲಬೆರಕೆ ಮೆಹಂದಿಯಲ್ಲಿ ಲೋಹದ ಲವಣ ಇದ್ದು, ಅದರ ಮೇಲೆ ಬ್ಲೀಚ್ ಅಥವಾ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯೇರಿ ತುಂಡಾಗಬಹುದು. ಪಾರ್ಲರ್‌ನಲ್ಲಿ “ಮೆಹಂದಿ ಹಚ್ಚಿಲ್ಲ” ಎಂದು ಸುಳ್ಳು ಹೇಳಬೇಡಿ. ಪಾರ್ಲರಿನವರು ಗಾಜಿನ ಬಟ್ಟಲಲ್ಲಿ 20 ಮಿಲಿ 20 ವಾಲ್ಯೂಮ್ ಪೆರಾಕ್ಸೈಡ್‌ಗೆ 20 ಹನಿ ಅಮೋನಿಯ ಹಾಕಿ, ಕತ್ತರಿಸಿದ ನಾಲ್ಕೆಳೆ ಕೂದಲನ್ನು ಅರ್ಧ ತಾಸು ಮುಳುಗಿಸಿ ನೋಡಬೇಕು. ಗುಳ್ಳೆ, ಬಿಸಿ, ಕೆಟ್ಟ ವಾಸನೆ, ದಿಢೀರ್ ಬಣ್ಣ ಬದಲಾವಣೆ ಕಂಡರೆ ಆ ತಲೆಗೆ ಕೆಮಿಕಲ್ ಬೇಡ.

ಐರನ್, ಚೌಲಿ, ಮದುವೆಯ ಜಡೆ

ಬಣ್ಣ ಹಾಕಿದ ಕೂದಲಿಗೆ ಐರನ್ 160ರಿಂದ 180 ಡಿಗ್ರಿ ದಾಟಬಾರದು, ಎಳೆ ತೆಳ್ಳಗಿದ್ದರೆ 150 ಸಾಕು. ಒತ್ತಿದಾಗ ಚುರ್ ಎಂದರೆ ಕೂದಲು ಇನ್ನೂ ಒದ್ದೆ: ಒಳಗಿನ ನೀರು ಆವಿಯಾಗಿ ಎಳೆಯೊಳಗೇ ಗುಳ್ಳೆ ಏಳುತ್ತದೆ, ನಾಲ್ಕು ದಿನಕ್ಕೆ ಅಲ್ಲೇ ಮುರಿಯುತ್ತದೆ. ಸ್ಟ್ರೈಟನಿಂಗ್ ಮತ್ತು ಬಣ್ಣ ಎರಡೂ ಬೇಕೆಂದರೆ ಸ್ಟ್ರೈಟನಿಂಗ್ ಮೊದಲು, ಎರಡು ವಾರ ಬಿಟ್ಟು ಬಣ್ಣ.

ಮೊಗ್ಗಿನ ಜಡೆಗೆ ಚೌಲಿ ಸೇರಿಸುವಾಗ ಫೋಟೋದಲ್ಲಿ ಎದ್ದು ಕಾಣುವುದು ಬಣ್ಣದ ವ್ಯತ್ಯಾಸ. ಚೌಲಿಯಿಂದ ಒಂದೆರಡು ಎಳೆ ತೆಗೆದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ನಿಜಗೂದಲು, ಡೈ ಹಿಡಿಯುತ್ತದೆ. ಕರಗಿ ಗಟ್ಟಿ ಉಂಡೆಯಾದರೆ ನೈಲಾನ್, ಎಷ್ಟು ಹಚ್ಚಿದರೂ ಬಣ್ಣ ನಿಲ್ಲದು, ಐರನ್ ತಾಗಿಸಿದರೆ ಅಂಟಿಕೊಳ್ಳುತ್ತದೆ. ನೈಲಾನ್ ಆಗಿದ್ದರೆ ಚೌಲಿ ಕೊಂಡ ಮೇಲೆ ಅದರ ಬಣ್ಣಕ್ಕೆ ಹೊಂದುವ ಶೇಡನ್ನು ತಲೆಗೆ ಆರಿಸಿ.

ಮದುಮಗಳಿಗೆ ಮುಹೂರ್ತಕ್ಕೆ ಐದರಿಂದ ಏಳು ದಿನ ಮೊದಲು ಬಣ್ಣ ಮುಗಿದಿರಬೇಕು: ಹಣೆಯ ಕಲೆ ಹೋಗಲು, ತಪ್ಪಿದ್ದರೆ ತಿದ್ದಲು ಅಷ್ಟು ಬೇಕು. ಅದಕ್ಕೂ ಎರಡು ದಿನ ಮೊದಲು ಚೀಟಿಯಲ್ಲಿ ಹೇಳಿದಂತೆ ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ ಕಾಸಿನಗಲ ಹಚ್ಚಿ 48 ತಾಸು ನೋಡಬೇಕು. ಹಿಂದೆ ಹತ್ತು ಸಲ ಹಾಕಿ ಏನೂ ಆಗದವರಿಗೂ ಹನ್ನೊಂದನೇ ಸಲ ಅಲರ್ಜಿ ಆಗುವುದುಂಟು. ಜಾತ್ರೆಯಲ್ಲಿ ಕೈಗೆ ಹಾಕಿಸಿಕೊಂಡ ಕಡುಗಪ್ಪು ಮೆಹಂದಿ ತುರಿಸಿ ಗುಳ್ಳೆ ಎದ್ದಿದ್ದರೆ ಪಿಪಿಡಿ ಇರುವ ಡೈ ತಲೆಗೆ, ಮೀಸೆಗೆ ಎಲ್ಲಿಗೂ ಬೇಡ. ಹುಬ್ಬು, ರೆಪ್ಪೆಗಂತೂ ಯಾರೂ ಹಚ್ಚಬಾರದು. ಡೈ ಹಾಕಿದ ಮೇಲೆ ಉರಿ ಶುರುವಾದರೆ ಸಮಯ ಮುಗಿಯಲೆಂದು ಕಾಯದೆ ಹೆಚ್ಚು ನೀರಿನಲ್ಲಿ ತೊಳೆಯಿರಿ. ಕಣ್ಣು ರೆಪ್ಪೆ, ಮುಖ ಊದಿದರೆ, ಉಸಿರು ಕಟ್ಟಿದರೆ ಡಬ್ಬವನ್ನೂ ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.

ಕಲಸಿ ಉಳಿದ ಕ್ರೀಮ್ ಡೈಯನ್ನು ಮುಂದಿನ ಸಲಕ್ಕೆಂದು ಬಾಟಲಿಯಲ್ಲಿ ಮುಚ್ಚಿಡಬೇಡಿ. ಪೆರಾಕ್ಸೈಡ್ ಆಮ್ಲಜನಕ ಬಿಡುತ್ತಲೇ ಇರುವುದರಿಂದ ಮುಚ್ಚಳ ಸಿಡಿಯುತ್ತದೆ, ಬಣ್ಣವೂ ಕೆಲಸಕ್ಕೆ ಬರುವುದಿಲ್ಲ. ಕಲಸದ ಟ್ಯೂಬನ್ನು ಬಿಗಿಯಾಗಿ ಮುಚ್ಚಿ, ಪುಡಿ ಪ್ಯಾಕೆಟ್ಟುಗಳ ಜೊತೆ ಮಕ್ಕಳ ಕೈಗೆ ಸಿಗದ ಅಟ್ಟದ ಮೇಲಿಡಿ. ಹೊಟ್ಟೆಗೆ ಹೋದರೆ ಪಿಪಿಡಿ ಪ್ರಾಣ ತೆಗೆಯುವ ವಿಷ.