ಕೈಗೆ ಬ್ಲಾಕ್ ಕೊಟ್ಟಿದ್ದಾರಾ? ಜೋಮು ಇಳಿಯುವ ಹೊತ್ತನ್ನು ಹೀಗೆ ಲೆಕ್ಕ ಹಾಕಿ

ಆಲೆಮನೆಯ ಗಾಣಕ್ಕೆ ಬೆರಳು ಸಿಕ್ಕಿಸಿಕೊಂಡವರು, ಕಬ್ಬು ಕಡಿಯುವಾಗ ಮಚ್ಚು ತಾಗಿದವರು, ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡವರು ಮಂಡ್ಯ, ಮೈಸೂರಿನ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಇಂಥವರಲ್ಲಿ ಎಷ್ಟೋ ಜನಕ್ಕೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ಕುತ್ತಿಗೆಯ ಬುಡಕ್ಕೋ ಕಂಕುಳಿಗೋ ಇಂಜೆಕ್ಷನ್ ಕೊಟ್ಟು ಆ ಕೈಯನ್ನಷ್ಟೇ ಮರಗಟ್ಟಿಸಿದರೆ ಸಾಕು. ಇದೇ ನರ್ವ್ ಬ್ಲಾಕ್. ಆಪರೇಷನ್ ಮುಗಿದ ಮೇಲೂ ಹಲವು ಗಂಟೆ ನೋವು ಗೊತ್ತಾಗುವುದಿಲ್ಲ. ಎಡವಟ್ಟಾಗುವುದು ಅಲ್ಲೇ. ನೋವಿಲ್ಲವಲ್ಲ ಎಂದು ಮಾತ್ರೆ ನುಂಗದೆ ಮಲಗುತ್ತಾರೆ, ನಡುರಾತ್ರಿ ಜೋಮು ಇಳಿದು ನೋವು ಒಮ್ಮೆಲೇ ಏಳುತ್ತದೆ. ಆಗ ನುಂಗಿದ ಮಾತ್ರೆ ಕೆಲಸ ಶುರುಮಾಡಲು ಅರ್ಧ ಮುಕ್ಕಾಲು ಗಂಟೆ ಬೇಕು.

ಮೊದಲು ಕೇಳಿ ಬರೆದುಕೊಳ್ಳಿ

ಆಸ್ಪತ್ರೆ ಬಿಡುವ ಮುಂಚೆ ಅರಿವಳಿಕೆ ವೈದ್ಯರನ್ನು ಕೇಳಿ: ಯಾವ ಔಷಧಿ, ಎಷ್ಟು ಪರ್ಸೆಂಟ್? ಒಂದೇ ಔಷಧಿಯೋ, ಎರಡರ ಬೆರಕೆಯೋ? ಅಡ್ರಿನಲಿನ್ ಅಥವಾ ಡೆಕ್ಸಾಮೆಥಾಸೋನ್ ಸೇರಿಸಿದ್ದಾರಾ? ಸೂಜಿ ಹಾಕಿದ್ದು ಎಷ್ಟು ಗಂಟೆಗೆ? ಲೆಕ್ಕ ಶುರುವಾಗುವುದು ಸೂಜಿ ಹಾಕಿದ ಹೊತ್ತಿನಿಂದ, ಆಪರೇಷನ್ ಮುಗಿದ ಹೊತ್ತಿನಿಂದಲ್ಲ. ಉತ್ತರಗಳನ್ನು ಡಿಸ್ಚಾರ್ಜ್ ಚೀಟಿಯ ಮೇಲೇ ಬರೆಸಿಕೊಂಡರೆ ಒಳ್ಳೆಯದು.

ಯಾವುದು ಎಷ್ಟು ಗಂಟೆ?

ಲಿಗ್ನೋಕೇನ್ (ಝೈಲೋಕೇನ್ ಎನ್ನುವುದೂ ಇದನ್ನೇ) 10ರಿಂದ 20 ನಿಮಿಷದಲ್ಲಿ ಹತ್ತುತ್ತದೆ, ಬೇಗ ಇಳಿಯುತ್ತದೆ. ಬರೀ ಲಿಗ್ನೋಕೇನ್ ಆದರೆ ತೋಳಿನ ಬ್ಲಾಕ್‌ನಲ್ಲಿ ಒಂದೂವರೆಯಿಂದ 3 ಗಂಟೆ. ಅಡ್ರಿನಲಿನ್ ಸೇರಿದರೆ 2ರಿಂದ 5 ಗಂಟೆ. ಅಡ್ರಿನಲಿನ್ ಸುತ್ತಲಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಔಷಧಿ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಬುಪಿವಕೇನ್ 0.5 ಪರ್ಸೆಂಟ್ ಹತ್ತಲು 15ರಿಂದ 30 ನಿಮಿಷ ಬೇಕು, ಆದರೆ 6ರಿಂದ 16 ಗಂಟೆ ನಿಲ್ಲುತ್ತದೆ. ಕೆಲವರಲ್ಲಿ ಅದಕ್ಕೂ ಹೆಚ್ಚು. ಕೊಬ್ಬಿನಲ್ಲಿ ಚೆನ್ನಾಗಿ ಕರಗಿ, ಪ್ರೋಟೀನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುವ ಗುಣ ಅದಕ್ಕಿದೆ. ಅಡ್ರಿನಲಿನ್ ಸೇರಿಸಿದರೂ ಇದರ ಅವಧಿ ಅಷ್ಟೇನೂ ಹೆಚ್ಚುವುದಿಲ್ಲ. ರೋಪಿವಕೇನ್ ಇದಕ್ಕಿಂತ ತುಸು ಕಡಿಮೆ, 5ರಿಂದ 12 ಗಂಟೆ. ಹೃದಯದ ಮೇಲಿನ ಅಪಾಯವೂ ಸ್ವಲ್ಪ ಕಡಿಮೆ.

ಬೆರಕೆಯ ಲೆಕ್ಕದಲ್ಲಿ ತಪ್ಪುವವರೇ ಹೆಚ್ಚು. 2 ಪರ್ಸೆಂಟ್ ಲಿಗ್ನೋಕೇನ್, 0.5 ಪರ್ಸೆಂಟ್ ಬುಪಿವಕೇನ್ ಸಮಸಮ ಬೆರೆಸಿದರೆ ಸಿರಿಂಜ್‌ನಲ್ಲಿ ಉಳಿಯುವುದು 1 ಮತ್ತು 0.25 ಪರ್ಸೆಂಟ್. ಬೇಗ ಹತ್ತುತ್ತದೆ ನಿಜ, ಆದರೆ ಬರೀ ಬುಪಿವಕೇನ್‌ನಷ್ಟು ಹೊತ್ತು ನಿಲ್ಲುವುದಿಲ್ಲ. ಡೆಕ್ಸಾಮೆಥಾಸೋನ್ ಸೇರಿದ್ದರೆ ಇನ್ನೂ ಕೆಲವು ಗಂಟೆ ಕೂಡಿಸಿ.

ಜಾಗ ಬದಲಾದರೆ ಗಂಟೆಯೂ ಬದಲಾಗುತ್ತದೆ. ಅದೇ ಬುಪಿವಕೇನನ್ನು ಸಿಸೇರಿಯನ್‌ಗೆ ಬೆನ್ನಿಗೆ ಕೊಟ್ಟಾಗ ಸುಮಾರು 2ರಿಂದ 3 ಗಂಟೆಯಲ್ಲಿ ಇಳಿಯುತ್ತದೆ. ‘ನಮ್ಮತ್ತಿಗೆಗೆ ಮೂರೇ ಗಂಟೆಗೆ ಕಾಲು ಬಂತು, ಇವರಿಗೇಕೆ ಕೈ ಇನ್ನೂ ಎದ್ದಿಲ್ಲ’ ಎಂದು ಗಾಬರಿಯಾಗಬೇಕಿಲ್ಲ. ಹೆಚ್ಚು ಹೊತ್ತು ಬರಲಿ ಎಂದು ಬೇಕಾದಷ್ಟು ಔಷಧಿ ಹಾಕಲೂ ಆಗದು. ಬುಪಿವಕೇನ್‌ಗೆ ಕೆಜಿಗೆ 2 ಮಿಲಿಗ್ರಾಂ ಮಿತಿ ಇಟ್ಟುಕೊಂಡರೆ 60 ಕೆಜಿ ತೂಕದವರಿಗೆ 120 ಮಿಲಿಗ್ರಾಂ, ಅಂದರೆ 0.5 ಪರ್ಸೆಂಟ್‌ನ 24 ಎಂಎಲ್. ಮೀರಿದರೆ, ಅಥವಾ ಔಷಧಿ ನೇರ ರಕ್ತನಾಳಕ್ಕೆ ಹೋದರೆ, ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು.

ಮಾತ್ರೆಯ ಹೊತ್ತು

ಅವಧಿಯ ಚಿಕ್ಕ ಅಂಕಿಯನ್ನು ಹಿಡಿಯಿರಿ, ಅದಕ್ಕಿಂತ ಒಂದು ಗಂಟೆ ಮುಂಚೆ ಮಾತ್ರೆ. ಬೆಳಿಗ್ಗೆ 11ಕ್ಕೆ ಬುಪಿವಕೇನ್ ಕೊಟ್ಟಿದ್ದರೆ ಜೋಮು ಸಂಜೆ 5ರಿಂದ ನಸುಕಿನ 3ರ ನಡುವೆ ಯಾವಾಗಲಾದರೂ ಇಳಿಯಬಹುದು. ಮೊದಲ ಮಾತ್ರೆ 4ಕ್ಕೆ, ಆಗಿನ್ನೂ ನೀವು ಮಳವಳ್ಳಿ ಬಸ್ಸಿನಲ್ಲೇ ಇದ್ದರೂ ಸರಿ. ಮುಂದಿನದು ರಾತ್ರಿ 10ಕ್ಕೆ. ಮತ್ತೊಂದು ನಸುಕಿನ 4ಕ್ಕೆ, ಅಲಾರಂ ಇಟ್ಟುಕೊಳ್ಳಿ. ವೈದ್ಯರು ಬರೆದ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ 6 ಗಂಟೆಗೊಮ್ಮೆ. ದೊಡ್ಡವರಿಗೂ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು, ಲಿವರ್ ತೊಂದರೆ ಇದ್ದವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ಡೈಕ್ಲೋಫೆನಾಕ್‌ನಂಥವು ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇದ್ದವರಿಗೆ ಆಗಿಬರುವುದಿಲ್ಲ. ಅಂಗಡಿಯಲ್ಲಿ ಕೇಳಿ ತಂದು ಕೊಡಬೇಡಿ. ಬೆರಳ ತುದಿಯಲ್ಲಿ ಇರುವೆ ಹರಿದಾಡಿದಂತೆ ಜುಮುಜುಮು ಶುರುವಾದರೆ ಬ್ಲಾಕ್ ಇಳಿಯುತ್ತಿದೆ ಎಂದೇ ಅರ್ಥ.

ಮರಗಟ್ಟಿದ ಕೈಯ ಕಾವಲು

ಕೈಯನ್ನು ಜೋಲಿಯಲ್ಲೇ ಇರಿಸಿ. ಬಿಸಿ ಕಾಫಿ ಲೋಟ, ಒಲೆ, ಮುದ್ದೆ ತೊಳಸುವ ಪಾತ್ರೆ ಹತ್ತಿರ ಬೇಡ. ಚರ್ಮ ಸುಟ್ಟರೂ ತಿಳಿಯದು. ಮಲಗಿದಾಗ ಆ ಕೈ ಮೈಯಡಿ ಸಿಕ್ಕಬಾರದು. ಕಾಲಿಗೆ ಬ್ಲಾಕ್ ಆಗಿದ್ದರೆ ಬಚ್ಚಲಿಗೂ ಒಬ್ಬರು ಜೊತೆಗೆ ಹೋಗಿ.

ಕುತ್ತಿಗೆಯ ಕಡೆಯಿಂದ ಕೊಟ್ಟ ಬ್ಲಾಕ್‌ನಲ್ಲಿ ಅದೇ ಬದಿಯ ಕಣ್ಣುರೆಪ್ಪೆ ಜೋಲುವುದು, ದನಿ ಒಡೆಯುವುದು ಉಂಟು. ಜೋಮಿನ ಜೊತೆಗೇ ಸರಿಹೋಗುತ್ತದೆ. ಉಸಿರಾಟ ಕಷ್ಟವಾದರೆ ಮಾತ್ರ ತಡಮಾಡದೆ 108ಕ್ಕೆ ಕರೆ ಮಾಡಿ. ಬೆರಳು ತಣ್ಣಗಾಗಿ ಬಿಳುಚಿಕೊಂಡರೆ ಅಥವಾ ನೀಲಿಗಟ್ಟಿದರೆ, ಪ್ಲಾಸ್ಟರ್ ಒಳಗೆ ಬಿಗಿತ ಏರುತ್ತಾ ಹೋದರೆ, ಬ್ಲಾಕ್ ಇದ್ದೂ ನೋವು ತಡೆಯಲಾರದಷ್ಟಾದರೆ ಬೆಳಗಿನವರೆಗೆ ಕಾಯದೆ ಆಪರೇಷನ್ ಆದ ಆಸ್ಪತ್ರೆಗೇ ಹೋಗಿ. 24 ಗಂಟೆ ಕಳೆದರೂ ಜೋಮು ಇಳಿಯದಿದ್ದರೆ ಅರಿವಳಿಕೆ ವೈದ್ಯರಿಗೆ ತಿಳಿಸಿ, ಸೂಜಿ ಹಾಕಿದ ಹೊತ್ತು ಬರೆದ ಚೀಟಿ ಜೊತೆಗಿರಲಿ.