ಮಂಡಿ ಯಜಮಾನರೇ ಶಾಸಕರೂ ಆಗಿದ್ದರೆ: ಅವರ ಬದುಕು ಬರೆಯುವ ಬಗೆ

ಸಾಗರ, ತೀರ್ಥಹಳ್ಳಿ, ಶಿವಮೊಗ್ಗದ ಕಡೆ ಅಡಿಕೆ ಮಂಡಿ (ಬೆಳೆಗಾರರ ಅಡಿಕೆ ಮಾರಿಸಿಕೊಡುವ ಸಗಟು ಅಂಗಡಿ) ನಡೆಸುತ್ತಲೇ ವಿಧಾನಸಭೆಗೂ ಹೋಗಿಬಂದ ಹಿರಿಯರ ಬಗ್ಗೆ ಬರೆಯಲು ಕೂತವರು ಮೊದಲು ಅಭಿನಂದನಾ ಗ್ರಂಥ ಹುಡುಕುತ್ತಾರೆ. ಅದು ಕೊನೆಗಿರಲಿ. ಮೊದಲು ಅಟ್ಟ ಹತ್ತಿ ಲೆಕ್ಕದ ಪುಸ್ತಕ ಇಳಿಸಿ.

ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ತೇವಕ್ಕೆ ಅಂಟಿಕೊಂಡ ಹಾಳೆ ಬಿಡಿಸಹೋದರೆ ಅಕ್ಷರವೂ ಕಿತ್ತು ಬರುತ್ತದೆ. ಬೇಸಿಗೆಯಲ್ಲಿ ನೆರಳಲ್ಲೇ ಗಾಳಿಗಿಡಿ. ಬಿಸಿಲು ತಾಗಿದರೆ ಶಾಯಿ ಮಾಸುತ್ತದೆ. ಪ್ರತಿ ಪುಟವನ್ನೂ ಕಿಟಕಿ ಬೆಳಕಲ್ಲಿ ಫೋಟೊ ತೆಗೆಯಿರಿ. ರಟ್ಟನ್ನೂ ಬಿಡಬೇಡಿ, ಎಷ್ಟೋ ಸಲ ವರ್ಷ ಬರೆದಿರುವುದು ಅಲ್ಲಿ ಮಾತ್ರ.

ದಿನದ ನಗದು ಬರೆಯುವ ರೋಕಡ ಪುಸ್ತಕಕ್ಕಿಂತ, ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ ಇಡುವ ಖಾತೆ ಪುಸ್ತಕದಲ್ಲಿ ಜೀವ ಹೆಚ್ಚು. ಒಬ್ಬ ಬೆಳೆಗಾರರ ಪುಟ ತೆಗೆದರೆ ಒಂದು ಕಡೆ ಅವರು ತಂದ ರಾಶಿ, ಬೆಟ್ಟೆ, ಗೊರಬಲು ಎಂಬ ಬಗೆಬಗೆಯ ಅಡಿಕೆ. ಇನ್ನೊಂದು ಕಡೆ ಅಡಿಕೆ ಗೊನೆ ಕೊಯ್ಲಿಗೆ, ಮಗಳ ಮದುವೆಗೆ ಒಯ್ದ ಮುಂಗಡ. ಅದು ಎಷ್ಟು ವರ್ಷ ತೀರದೆ ಉಳಿಯಿತು ನೋಡಿ. ಚುನಾವಣೆಯಲ್ಲಿ ಯಾವ ಊರು ಯಜಮಾನರ ಬೆನ್ನಿಗೆ ನಿಂತಿತು, ಯಾವುದು ಮುನಿಯಿತು ಎಂಬುದಕ್ಕೆ ಸುಳಿವು ಅಲ್ಲಿ ಸಿಗಬಹುದು. ಸಾಲಗಾರರ ಹೆಸರು ಮಾತ್ರ ಅಚ್ಚಿಗೆ ಹಾಕಬೇಡಿ, ಅದು ಅವರ ಮನೆಯ ಮಾತು.

1957ರ ಏಪ್ರಿಲ್ 1ಕ್ಕೆ ಮೊದಲಿನ ಲೆಕ್ಕ ರೂಪಾಯಿ, ಆಣೆ, ಪೈಗಳದ್ದು. ರೂಪಾಯಿಗೆ ಹದಿನಾರು ಆಣೆ, ಹಾಗಾಗಿ 12-8-0 ಎಂದರೆ ಹನ್ನೆರಡೂವರೆ ರೂಪಾಯಿ, 12.80 ಎಂದು ಬರೆದರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ. ತೂಕ ಮಣದಲ್ಲಿದ್ದರೆ ಮಣವೆಂದೇ ಬಿಡಿ, ಊರಿಗೊಂದು ಮಣವಿದ್ದ ಕಾಲ ಅದು. ಲಗ್ನಪತ್ರಿಕೆಯಲ್ಲಿ ಬರಿ ‘ಕ್ರೋಧಿ ಸಂವತ್ಸರ’ ಎಂದಿದ್ದರೆ 1904-05, 1964-65 ಎರಡೂ ಆಗಬಹುದು, ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ವಾರ, ತಿಥಿ ಹೊಂದಿಸಿ ನೋಡದೆ ಇಸವಿ ಹಾಕಬೇಡಿ.

ಇನ್ನು ಶಾಸಕ ಸ್ಥಾನ. ಊರಲ್ಲಿ ಎಂಎಲ್‌ಎ, ಎಂಎಲ್‌ಸಿ ಇಬ್ಬರನ್ನೂ ಶಾಸಕರೆಂದೇ ಕರೆಯುವುದು, ಹಾಗಾಗಿ ವಿಧಾನಸಭೆಯೋ ವಿಧಾನ ಪರಿಷತ್ತೋ ಎಂದು ಮೊದಲು ತಿಳಿದುಕೊಳ್ಳಿ. ವಿಧಾನಸಭೆಯಾದರೆ ಚುನಾವಣಾ ಆಯೋಗದ ಫಲಿತಾಂಶ ವರದಿಯಲ್ಲಿ ಕ್ಷೇತ್ರ, ಪಕ್ಷ, ಮತಗಳನ್ನು ಖಾತ್ರಿ ಮಾಡಿಕೊಳ್ಳಿ. ಕ್ಷೇತ್ರಗಳೂ ಬದಲಾಗಿವೆ: ಹೊಸನಗರ, ಹೊಳೆಹೊನ್ನೂರು ಕ್ಷೇತ್ರಗಳು 2008ರ ಚುನಾವಣೆಯ ಹೊತ್ತಿಗೆ ಇಲ್ಲವಾದವು. 1973ರ ನವೆಂಬರ್ 1ಕ್ಕೆ ಮೊದಲು ಗೆದ್ದವರು ಮೈಸೂರು ವಿಧಾನಸಭೆಯ ಸದಸ್ಯರು.

ಸದನದ ನಡವಳಿಯಲ್ಲಿ ಅವರ ದೊಡ್ಡ ಭಾಷಣಕ್ಕಿಂತ ಕೇಳಿದ ಪ್ರಶ್ನೆಗಳನ್ನು ಓದಿ. ಮುಖ್ಯವಾಗಿ ಗೇಣಿಯ ಬಗ್ಗೆ, ಅಂದರೆ ಬೇರೆಯವರ ಜಮೀನನ್ನು ಬಾಡಿಗೆ ಕೊಟ್ಟು ಉಳುವ ಪದ್ಧತಿಯ ಬಗ್ಗೆ ಕೇಳಿದವನ್ನು. ಅವರು ಭೂಮಾಲೀಕರೂ ಆಗಿದ್ದರೆ, ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಅವರ ಜಮೀನಿಗೆ ನಮೂನೆ 7ರ ಅರ್ಜಿ (ಗೇಣಿದಾರರು ಜಮೀನಿನ ಹಕ್ಕು ಕೇಳಿ ಹಾಕಿದ ಅರ್ಜಿ) ಬಿದ್ದಿತ್ತೇ ಎಂದು ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಆ ಅರ್ಜಿಗಳನ್ನು ತೀರ್ಮಾನಿಸಿದ ಭೂ ನ್ಯಾಯಮಂಡಳಿಯ ಮುಂದೆ ಅವರು ಕೊಟ್ಟ ಹೇಳಿಕೆಯನ್ನು ಸದನದಲ್ಲಿ ಆಡಿದ ಮಾತಿನ ಪಕ್ಕದಲ್ಲಿಡಿ. ಎರಡೂ ಹೊಂದಿದರೂ ಬರೆಯಿರಿ, ಹೊಂದದಿದ್ದರೂ ಬರೆಯಿರಿ.