ರಕ್ತ ಕ್ಯಾನ್ಸರ್‌ನಲ್ಲಿ ಬೆನ್ನಿನ ಮಣಿ ಕುಸಿದರೆ: ಸಿಮೆಂಟೇ, ರಾಡೇ, ಕರೆಂಟೇ?

ಚಳ್ಳಕೆರೆಯ ಶೇಂಗಾ ಹೊಲವಿರಲಿ, ಚನ್ನಗಿರಿಯ ಅಡಿಕೆ ತೋಟವಿರಲಿ, ಬೆನ್ನು ಹಿಡಿದರೆ ಮೊದಲ ಮದ್ದು ಎಣ್ಣೆ ತಿಕ್ಕಿಸುವುದು, ಇಲ್ಲವೇ ಬೆನ್ನು ತುಳಿಸುವುದು. ಮಲ್ಟಿಪಲ್ ಮೈಲೋಮಾ ಇರುವವರಿಗೆ ಇವೆರಡೂ ಬೇಡವೇ ಬೇಡ. ಮೂಳೆಮಜ್ಜೆಯ ಈ ಕ್ಯಾನ್ಸರ್ ಮಣಿಗಳನ್ನು ಒಳಗಿಂದ ತಿಂದು ಟೊಳ್ಳು ಮಾಡಿರುತ್ತದೆ; ಜೋರಾಗಿ ಕೆಮ್ಮಿದರೂ ಕುಸಿಯಬಹುದು.

ಮೊದಲು ಕಾಲು ನೋಡಿ. ಶಕ್ತಿ ಕುಂದಿದೆಯೇ, ಜೋಮು ಹಿಡಿದಿದೆಯೇ, ಮೂತ್ರ ಕಟ್ಟಿದೆಯೇ? ಹಾಗಿದ್ದರೆ ಬೆನ್ನುಹುರಿ ಒತ್ತಿಕೊಂಡಿದೆ ಎಂದೇ ತಿಳಿದು, ಆಂಬುಲೆನ್ಸ್‌ನಲ್ಲಿ ಅಂಗಾತ ಮಲಗಿಸಿ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೊರಡಿ. ಬಸ್ಸು, ಆಟೊ ಬೇಡ. 24 ಗಂಟೆಯೊಳಗೆ ಇಡೀ ಬೆನ್ನಿನ ಎಂಆರ್‌ಐ ಆಗಬೇಕು, ನೋವಿರುವ ಜಾಗದ್ದಷ್ಟೇ ಅಲ್ಲ. ಊತ ಇಳಿಸಲು ವೈದ್ಯರು ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 16 ಮಿ.ಗ್ರಾಂ. ಕೊಡುತ್ತಾರೆ. ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಶಂಕೆಯಿದ್ದು ಕಾಲು ಇನ್ನೂ ಗಟ್ಟಿಯಿದ್ದರೆ ಮಾತ್ರ, ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಮೊದಲು, ಏಕೆಂದರೆ ಸ್ಟೀರಾಯ್ಡ್ ಗಡ್ಡೆಯನ್ನು ಕರಗಿಸಿ ರೋಗಪತ್ತೆಯನ್ನೇ ಕೆಡಿಸುತ್ತದೆ.

‘ಆಪರೇಷನ್ ಯಾಕೆ ಮಾಡ್ತಿಲ್ಲ?’ ಎಂದು ಮನೆಯವರು ಸಿಡಿಮಿಡಿಗೊಳ್ಳುವುದು ಇಲ್ಲೇ. ಮೈಲೋಮಾ, ಲಿಂಫೋಮಾ ಗಡ್ಡೆಗಳು ರೇಡಿಯೇಷನ್‌ಗೆ, ಅಂದರೆ ನಮ್ಮವರ ಮಾತಿನ ‘ಕರೆಂಟ್’ಗೆ, ಬೇಗ ಕರಗುತ್ತವೆ. ಹುರಿಯನ್ನು ಒತ್ತಿದ್ದು ಗಡ್ಡೆಯಾದರೆ ಎಷ್ಟೋ ಸಲ ಅಷ್ಟೇ ಸಾಕು. ಒತ್ತಿದ್ದು ಮುರಿದ ಮೂಳೆಯ ಚೂರಾದರೆ ಕರೆಂಟಿಗೆ ಅದು ಕರಗದು. ಆಗ ಚೂರು ತೆಗೆದು, ಮೇಲಿನ ಮತ್ತು ಕೆಳಗಿನ ಗಟ್ಟಿ ಮಣಿಗಳಿಗೆ ಸ್ಕ್ರೂ ಬಿಗಿದು ರಾಡ್ ಕೂರಿಸುತ್ತಾರೆ. ಬೆನ್ನಿನ ಅಸ್ಥಿರತೆ ಅಳೆಯುವ ‘ಸಿನ್ಸ್’ ಅಂಕ 18ಕ್ಕೆ 7 ಅಥವಾ ಹೆಚ್ಚು ಬಂದರೂ ಶಸ್ತ್ರಚಿಕಿತ್ಸಕರ ಸಲಹೆ ಬೇಕೇ ಬೇಕು.

ಹುರಿಗೆ ತೊಂದರೆಯಿಲ್ಲ, ಆದರೆ ಕುಸಿದ ಮಣಿಯ ನೋವಿಗೆ ಎದ್ದು ಕೂರಲಾಗುತ್ತಿಲ್ಲ ಎಂದರೆ ಮೂಳೆಗೆ ತುಂಬುವ ವೈದ್ಯಕೀಯ ಸಿಮೆಂಟ್. ಬೋರಲು ಮಲಗಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಸೂಜಿ ಇಳಿಸಿ, ಮಣಿಗೆ 2ರಿಂದ 6 ಮಿ.ಲೀ. ತುಂಬುತ್ತಾರೆ. ಸಿಮೆಂಟ್ ಟೂತ್‌ಪೇಸ್ಟಿನಷ್ಟು ಮಂದವಾಗುವ ತನಕ ಕಾಯಬೇಕು. ನೀರಾಗಿದ್ದರೆ ರಕ್ತನಾಳ ಹಿಡಿದು ಶ್ವಾಸಕೋಶ ಸೇರೀತು. ಹಿಂದಕ್ಕೆ ಸೋರಿದರೆ ಹುರಿಗೇ ಕುತ್ತು. ಕೈಫೋಪ್ಲಾಸ್ಟಿ ಎಂಬ ಇನ್ನೊಂದು ಬಗೆಯಲ್ಲಿ ಮೊದಲು ಬಲೂನ್ ಉಬ್ಬಿಸಿ ಜಾಗ ಮಾಡುವುದರಿಂದ ಸೋರಿಕೆ ಕಡಿಮೆ, ಖರ್ಚು ಜಾಸ್ತಿ.

ಸೂಜಿಗೇ ಆಗಲಿ, ಪ್ಲೇಟ್‌ಲೆಟ್ 50,000ದ ಮೇಲಿರಬೇಕು. ಹುರಿಯ ಬಳಿ ಕತ್ತರಿ ಆಡಿಸಲು 1 ಲಕ್ಷದ ಆಸುಪಾಸು. ದಾನಿಯಿಂದ ಪಡೆದ ಪ್ಲೇಟ್‌ಲೆಟ್ 5 ದಿನವಷ್ಟೇ ಉಳಿಯುವುದರಿಂದ ದಾನಿಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಬಿಳಿ ರಕ್ತಕಣ ತೀರಾ ಇಳಿದಿದ್ದರೆ ಗಾಯಕ್ಕೆ ಸೋಂಕು ಬೇಗ ತಗಲುತ್ತದೆ, ರಾಡಿನ ಸುತ್ತ ಸೋಂಕು ಬಿಟ್ಟುಹೋಗುವುದಿಲ್ಲ. ಆಪರೇಷನ್ ಆದ ಮೇಲೆ ರೇಡಿಯೇಷನ್‌ಗೆ ಸಾಮಾನ್ಯವಾಗಿ 2 ವಾರವಾದರೂ ಬಿಡುತ್ತಾರೆ, ಹೊಲಿಗೆ ಕೂಡಲೆಂದು.

ಇನ್ನೊಂದು: ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ನೋವಿನ ಮಾತ್ರೆ ನುಂಗಬೇಡಿ, ಮೈಲೋಮಾದಲ್ಲಿ ಎಷ್ಟೋ ಸಲ ಮೂತ್ರಪಿಂಡ ಮೊದಲೇ ಸೋತಿರುತ್ತದೆ. ಮೂಳೆ ಗಟ್ಟಿ ಮಾಡುವ ಜೋಲೆಡ್ರೋನಿಕ್ ಇಂಜೆಕ್ಷನ್ ಶುರುವಾಗುವ ಮುನ್ನ, ಕೀಳಬೇಕಾದ ಹಲ್ಲಿದ್ದರೆ ಕೀಳಿಸಿಕೊಳ್ಳಿ.